ಬದಿಯಡ್ಕದಿಂದ ದುಬೈಗೆ ತೆಂಗಿನೆಣ್ಣೆ: ಸರ್ಕಾರದ ಸಹಾಯ ಎಲ್ಲಿ, ಹೇಗೆ ಸಿಗುತ್ತದೆ?

ನೀರ್ಚಾಲು ಎಣ್ಣೆಮಿಲ್ಲು

ಎಲ್ಲರಿಗೂ ನಮಸ್ಕಾರ. ನಾವು ಮನೆಯವರೇ ಸೇರಿ ಕಾಸರಗೋಡು ಜಿಲ್ಲೆಯ ನೀರ್ಚಾಲಿನಲ್ಲಿ ವರ್ಜಿನ್ ತೆಂಗಿನೆಣ್ಣೆ ಮಾಡುತ್ತಿದ್ದೇವೆ. ಕೂಡ್ಲಿನ ಕೇಂದ್ರ ತೋಟ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ತರಬೇತಿ ಪಡೆದು ಶುರು ಮಾಡಿದ್ದು. ಹಲಸಿನ ಕಾಲದಲ್ಲಿ ಹಪ್ಪಳವೂ ಉಂಟು. ಇಷ್ಟು ದಿನ ಮಂಗಳೂರು, ಬೆಂಗಳೂರಿಗೆ ಮಾತ್ರ ಮಾಲು ಹೋಗುತ್ತಿತ್ತು. ಈಗ ದುಬೈಯ ಒಬ್ಬ ಸಗಟು ವ್ಯಾಪಾರಿ ಸ್ಯಾಂಪಲ್ ನೋಡಿ ಒಪ್ಪಿದ್ದಾರೆ. ಮೊದಲ ಲೋಡು ಸುಮಾರು 8 ಲಕ್ಷದ್ದು. ದುಡ್ಡು ಮಾತ್ರ ಮಾಲು ತಲುಪಿ 90 ದಿನ ಆದ ಮೇಲೆ ಅಂತಾರೆ.

ನನ್ನ ತಲೆಬಿಸಿ ಇಷ್ಟು. ನಮ್ಮ ಘಟಕ ಇರುವುದು ಕೇರಳದಲ್ಲಿ. ಮಾಲು ಹೋಗಬೇಕಾದ್ದು ಮಂಗಳೂರು ಬಂದರಿನಿಂದ, ಯಾಕಂದರೆ ನಮಗೆ ಅದೇ ಹತ್ತಿರ. ಬೆಂಗಳೂರಿನ ನೆಂಟರು ಕರ್ನಾಟಕ ಸರ್ಕಾರದ ರಫ್ತು ಉತ್ತೇಜನ ಕೇಂದ್ರ ವಿಟಿಪಿಸಿಗೆ ಹೋಗು ಅಂದರು. ಇಲ್ಲಿಯ ಒಬ್ಬರು ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗು ಅಂದರು. ಇನ್ನೊಬ್ಬ ಕನ್ಸಲ್ಟೆಂಟ್ ಅಂತೂ "ರಫ್ತು ಸಬ್ಸಿಡಿ ಎಲ್ಲ ನಾನೇ ಮಾಡಿಸಿಕೊಡುತ್ತೇನೆ, ಮೊದಲು 40,000 ಕೊಡಿ" ಅಂತ ಕೂತಿದ್ದಾರೆ. ನಿಜಕ್ಕೂ ಸರ್ಕಾರದ ಸಹಾಯ ಅಂತ ಏನಿದೆ? ಮಾಡಿದವರು ಹೇಳಿ, ದಯವಿಟ್ಟು.

ಕುಂಬಳೆ ಕ್ಲಿಯರಿಂಗ್

ಆ 40,000 ಕೊಡಬೇಡಿ ಅಣ್ಣ. ನಾನು ಪಣಂಬೂರಿನಲ್ಲಿ, ಅಂದರೆ ಮಂಗಳೂರು ಬಂದರಿನಲ್ಲಿ, ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ ಮಾಡುವವನು, ದಿನಾ ಇದೇ ಕಾಗದಗಳನ್ನು ನೋಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಐಇಸಿ, ಅಂದರೆ ಆಮದು-ರಫ್ತು ಮಾಡುವವರಿಗೆ ಬೇಕಾದ ನಂಬರು, ಅದಕ್ಕೆ ಸರ್ಕಾರದ ಶುಲ್ಕ 500 ರೂಪಾಯಿ. ಕೇಂದ್ರದ ವಿದೇಶ ವ್ಯಾಪಾರ ಇಲಾಖೆ ಡಿಜಿಎಫ್‌ಟಿಯ ವೆಬ್‌ಸೈಟಿನಲ್ಲಿ ಪ್ಯಾನ್, ಬ್ಯಾಂಕ್ ವಿವರ ಹಾಕಿದರೆ ಮನೆಯಲ್ಲೇ ಕೂತು ಪಡೆಯಬಹುದು. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೆ ಒಂದು ಪೈಸೆಯೂ ಇಲ್ಲ. ಜಿಎಸ್‌ಟಿಯ ಎಲ್‌ಯುಟಿಯೂ (ರಫ್ತಿನ ಬಗ್ಗೆ ಬರೆದುಕೊಡುವ ಮುಚ್ಚಳಿಕೆ) ಆನ್‌ಲೈನಿನಲ್ಲಿ ಪುಕ್ಕಟೆ. ಎಲ್‌ಯುಟಿ ಇದ್ದರೆ ಐಜಿಎಸ್‌ಟಿ ಕಟ್ಟದೆ ಮಾಲು ಕಳಿಸಬಹುದು. ಬಾಟಲಿ, ಲೇಬಲ್, ರಟ್ಟಿನ ಪೆಟ್ಟಿಗೆಗೆ ನೀವು ಕೊಟ್ಟ ಜಿಎಸ್‌ಟಿಯನ್ನೂ ವಾಪಸ್ ಕೇಳಬಹುದು. ಎಲ್‌ಯುಟಿಯನ್ನು ಪ್ರತಿ ಹಣಕಾಸು ವರ್ಷಕ್ಕೆ ಹೊಸದಾಗಿ ಹಾಕಬೇಕು. ಐಇಸಿಯನ್ನೂ ಅಷ್ಟೇ, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಪ್‌ಡೇಟ್ ಮಾಡಬೇಕು, ಏನೂ ಬದಲಾಗದಿದ್ದರೂ. ಮರೆತರೆ ನಂಬರು ನಿಷ್ಕ್ರಿಯ ಆಗುತ್ತದೆ. ಮಾಲು ಬಂದರಿಗೆ ಬಂದು ನಿಂತ ಮೇಲೆ ಇದು ಗೊತ್ತಾಗಿ ಪರದಾಡಿದವರನ್ನು ನೋಡಿದ್ದೇನೆ.

ಗಡಿಯ ವಿಷಯಕ್ಕೆ ಬರುತ್ತೇನೆ, ನಮ್ಮವರಿಗೆ ಗೊಂದಲ ಆಗುವುದು ಇಲ್ಲೇ. ಬಂದರು ಯಾವ ರಾಜ್ಯದಲ್ಲಿದ್ದರೂ ಚಿಂತೆಯಿಲ್ಲ. ಕೇರಳದ ಜಿಎಸ್‌ಟಿ ಇಟ್ಟುಕೊಂಡು ಮಂಗಳೂರಿನಿಂದ ಧಾರಾಳವಾಗಿ ಕಳಿಸಬಹುದು. ನಿಮ್ಮ ಬ್ಯಾಂಕಿನಿಂದ ಎಡಿ ಕೋಡ್ (ವಿದೇಶಿ ಹಣ ಪಡೆಯುವ ಬ್ಯಾಂಕಿನ ಗುರುತು ಸಂಖ್ಯೆ) ಪತ್ರ ತೆಗೆದುಕೊಂಡು ಕಸ್ಟಮ್ಸಿನ ಐಸ್‌ಗೇಟ್ ವೆಬ್‌ಸೈಟಿನಲ್ಲಿ ನೋಂದಾಯಿಸಿದರೆ ಆಯಿತು. ಕೇಂದ್ರದ ಸವಲತ್ತುಗಳೂ ಹಾಗೆಯೇ, ತಲಪಾಡಿ ಗಡಿಯ ಆಚೆಗೂ ಈಚೆಗೂ ಒಂದೇ. ರಾಜ್ಯ ಸರ್ಕಾರದ ಸಹಾಯ ಮಾತ್ರ ಘಟಕ ಎಲ್ಲಿದೆಯೋ ಅಲ್ಲಿಗೆ. ಹಾಗಾಗಿ ವಿಟಿಪಿಸಿ ನಿಮಗಲ್ಲ. ನಿಮಗೆ ವಿದ್ಯಾನಗರವೇ.

ಇನ್ನು ಆರ್‌ಸಿಎಂಸಿ, ಅಂದರೆ ರಫ್ತು ಮಂಡಳಿಯ ನೋಂದಣಿ ಮತ್ತು ಸದಸ್ಯತ್ವದ ಪತ್ರ. ಯಾವ ಮಾಲಿಗೆ ಯಾವ ಮಂಡಳಿ ಅಂತ ಮೊದಲೇ ನೋಡಿಕೊಳ್ಳಬೇಕು. ತೆಂಗಿನ ಉತ್ಪನ್ನಗಳಿಗೆ, ನಾರು ಬಿಟ್ಟು, 2009ರಿಂದ ಕೊಚ್ಚಿಯ ತೆಂಗು ಅಭಿವೃದ್ಧಿ ಮಂಡಳಿಯೇ ರಫ್ತು ಉತ್ತೇಜನ ಮಂಡಳಿ. ಹಪ್ಪಳ, ಉಪ್ಪಿನಕಾಯಿಗೆ ಕೇಂದ್ರದ ಕೃಷಿ ಮತ್ತು ಸಂಸ್ಕರಿತ ಆಹಾರ ರಫ್ತು ಸಂಸ್ಥೆ ಅಪೆಡಾ. ನಿಮ್ಮಲ್ಲಿ ಎರಡೂ ಇದೆ. ಮೊದಲ ಲೋಡು ಎಣ್ಣೆ ಮಾತ್ರ ಆದರೆ ಸದ್ಯಕ್ಕೆ ತೆಂಗು ಮಂಡಳಿಯದ್ದು ಮಾಡಿಸಿ.

ಪೆರ್ಲ ತೋಟ

ಕಾಗದ ಎಲ್ಲ ಸರಿ ಮಾರಾಯ್ರೆ. ಆದರೆ ಸಹಾಯ ಎಲ್ಲಿ? ನಮ್ಮ ಗುಂಪಿನವರು ಕೊಬ್ಬರಿ ಚಿಪ್ಸ್ ಕಳಿಸಲು ಹೊರಟಾಗ ಬ್ಯಾಂಕಿನವರು ರಫ್ತು ಸಾಲದ ಬಡ್ಡಿಯಲ್ಲಿ ರಿಯಾಯಿತಿ ಉಂಟು ಅಂದಿದ್ದರು. ನಾವು ಲೆಕ್ಕ ಹಾಕಿ ಬೆಲೆ ಹೇಳಿದೆವು. ಆ ಯೋಜನೆ 2024ರ ಡಿಸೆಂಬರ್ 31ಕ್ಕೆ ನಿಂತೇ ಹೋಯಿತು. ಹೇಳಿದ ಬೆಲೆಯನ್ನು ಹೆಚ್ಚು ಮಾಡಲು ಆಗುತ್ತದಾ? ಬಡ್ಡಿ ನಮ್ಮ ತಲೆಗೇ ಬಂತು. ದೊಡ್ಡ ಕಂಪನಿಗಳಿಗೆ ಡೆಲ್ಲಿಯಲ್ಲಿ ಜನ ಇರುತ್ತಾರೆ, ಯಾವ ಯೋಜನೆ ಯಾವಾಗ ಮುಗಿಯುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಎಣ್ಮಕಜೆಯಲ್ಲಿ ಕೂತವನಿಗೆ ಯಾರು ಹೇಳುತ್ತಾರೆ? ಇದು ನನಗೆ ನಿಜವಾಗಿಯೂ ಬೇಸರದ ವಿಷಯ.

ಮಂಜೇಶ್ವರ ಗೇರು

ಪೆರ್ಲದ ಭಾವ ಹೇಳಿದ್ದರಲ್ಲಿ ತಪ್ಪಿಲ್ಲ. ಬಡ್ಡಿ ರಿಯಾಯಿತಿ ನಿಂತದ್ದು ಸಣ್ಣವರಿಗೆ ಪೆಟ್ಟೇ. ಈಗ 2025ರ ನವೆಂಬರಿನಲ್ಲಿ ಕೇಂದ್ರ ಸಂಪುಟ ರಫ್ತು ಉತ್ತೇಜನ ಮಿಷನ್ ಅಂತ ಒಪ್ಪಿದೆ. 2030-31ರ ವರೆಗೆ 25,060 ಕೋಟಿ. ನಿರ್ಯಾತ್ ಪ್ರೋತ್ಸಾಹನ್ ಅಂತ ಒಂದು ಭಾಗ, ಅದು ಸಾಲದ ಕಡೆಯದ್ದು. ನಿರ್ಯಾತ್ ದಿಶಾ ಅಂತ ಇನ್ನೊಂದು, ಅದು ಗುಣಮಟ್ಟ, ಪ್ಯಾಕಿಂಗ್, ಮೇಳ, ಸಾಗಾಟದ ಕಡೆಯದ್ದು. ಹಳೆಯ ಬಡ್ಡಿ ಯೋಜನೆ, ಮಾರುಕಟ್ಟೆ ಪ್ರವೇಶದ ಯೋಜನೆ ಎಲ್ಲ ಇದರೊಳಗೆ ಸೇರಿವೆ. ನಿಯಮಗಳು ಒಂದೊಂದಾಗಿ ಬರುತ್ತಿವೆ. ಬೆಲೆ ಹೇಳುವ ಮೊದಲು, ಅವತ್ತಿನ ಮಟ್ಟಿಗೆ ಏನು ಜಾರಿಯಲ್ಲಿದೆ ಅಂತ ಬ್ಯಾಂಕಿನಿಂದ ಬರೆಸಿಕೊಳ್ಳುವುದು ಒಳ್ಳೆಯದು. ಬರುತ್ತದೆ ಅನ್ನುವ ರಿಯಾಯಿತಿಯನ್ನು ಬೆಲೆಯೊಳಗೆ ಸೇರಿಸಲೇಬಾರದು.

ಆದರೆ ನೀರ್ಚಾಲಿನವರಿಗೆ ನಾನು ಹೇಳಬೇಕಾದ್ದು ಬೇರೆ. ನಿಮಗೆ ಮೊದಲು ಬೇಕಾದ್ದು ಸಬ್ಸಿಡಿ ಅಲ್ಲ, ಇಸಿಜಿಸಿಯ ರಫ್ತು ವಿಮೆ. ಕೇಂದ್ರ ಸರ್ಕಾರದ್ದೇ ಸಂಸ್ಥೆ, 1957ರಿಂದ ಉಂಟು. ಹೊರದೇಶದ ಖರೀದಿದಾರ ದುಡ್ಡು ಕೊಡದೆ ಹೋದರೆ, ದಿವಾಳಿ ಎದ್ದರೆ, ಆ ದೇಶದಲ್ಲಿ ಯುದ್ಧವೋ ಹಣ ವರ್ಗಾವಣೆಗೆ ತಡೆಯೋ ಬಂದರೆ, ನಷ್ಟದ ಬಹುಪಾಲು ಅವರು ತುಂಬಿಕೊಡುತ್ತಾರೆ. 90 ದಿನದ ಕಡ ಅಂದರೆ ನೀವು ಆ ವ್ಯಾಪಾರಿಗೆ 8 ಲಕ್ಷ ಸಾಲ ಕೊಟ್ಟ ಹಾಗೆ, ಅಲ್ವಾ? ಅವರ ಅಂಗಡಿ ಹೇಗೆ ನಡೆಯುತ್ತಿದೆ ಅಂತ ನಿಮಗೆ ನೀರ್ಚಾಲಿನಲ್ಲಿ ಕೂತು ಹೇಗೆ ಗೊತ್ತಾಗಬೇಕು?

ನಮ್ಮ ಗೇರುಬೀಜದ ಮಾಲಿನಲ್ಲಿ ಹೀಗೆ ಆಗಿತ್ತು. ಕೊಲ್ಲಿಯ ಒಬ್ಬ ಖರೀದಿದಾರ ಎರಡು ಲೋಡಿಗೆ ಚೊಕ್ಕ ದುಡ್ಡು ಕೊಟ್ಟ. ಮೂರನೆಯದು ತಲುಪಿದ ಮೇಲೆ ಫೋನು ಎತ್ತಲಿಲ್ಲ. ಅಂಗಡಿಯೇ ಮುಚ್ಚಿತ್ತು. ಪಾಲಿಸಿ ಇದ್ದದ್ದರಿಂದ ನಾವು ಉಳಿದೆವು. ಇಲ್ಲದಿದ್ದರೆ ಆ ವರ್ಷ ಫ್ಯಾಕ್ಟರಿಯ ಹೆಂಗಸರಿಗೆ ಸಂಬಳ ಕೊಡಲು ಬ್ಯಾಂಕಿನಲ್ಲಿ ಚಿನ್ನ ಇಡಬೇಕಾಗುತ್ತಿತ್ತು. ಕ್ಲೇಮ್ ಸಿಗಲು ಕಾರಣ ಮೊದಲಿನಿಂದ ಕ್ರಮ ತಪ್ಪದೆ ನಡೆದದ್ದು. ಮಾಲು ಕಳಿಸುವ ಮೊದಲೇ ಆ ಖರೀದಿದಾರನ ಹೆಸರಿನಲ್ಲಿ ಇಸಿಜಿಸಿಯಿಂದ ಕ್ರೆಡಿಟ್ ಲಿಮಿಟ್, ಅಂದರೆ ಎಷ್ಟು ಕಡದವರೆಗೆ ವಿಮೆ ಅಂತ, ಕೇಳಬೇಕು. ಕಳಿಸಿದ ಪ್ರತಿ ಲೋಡನ್ನೂ ಅವರಿಗೆ ತಿಳಿಸಬೇಕು. ದುಡ್ಡು ತಡವಾದರೆ ಅದನ್ನೂ ಕೂಡಲೇ ತಿಳಿಸಬೇಕು. ಪರಿಚಯದವರು ಅಂತ ದಾಕ್ಷಿಣ್ಯ ಮಾಡಿ ಸುಮ್ಮನಿದ್ದರೆ ಆಮೇಲೆ ಕ್ಲೇಮ್ ನಿಲ್ಲುವುದಿಲ್ಲ. ಇನ್ನೊಂದು ಉಪಕಾರ ಏನೆಂದರೆ, ಇಸಿಜಿಸಿ ಲಿಮಿಟ್ ಕೊಡಲು ಹಿಂದೇಟು ಹಾಕಿದರೆ ಆ ಖರೀದಿದಾರನ ಬಗ್ಗೆ ನಿಮಗೆ ಪುಕ್ಕಟೆ ಎಚ್ಚರಿಕೆ ಸಿಕ್ಕಿತು ಅಂತಲೇ ತಿಳಿಯಿರಿ.

ದುಬೈ ಉಪ್ಪಳ

ನಮಸ್ಕಾರ, ನಾನು ಉಪ್ಪಳದವನು, ಇಲ್ಲಿ ಆಹಾರ ಪದಾರ್ಥ ಆಮದು ಮಾಡುವ ಕಂಪನಿಯಲ್ಲಿದ್ದೇನೆ. ಈ ಕಡೆಯಿಂದ ಎರಡು ಮಾತು.

ಭಾರತ ಮತ್ತು ಯುಎಇ ನಡುವಿನ ಸೆಪಾ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಇಲ್ಲಿ ಸಾಮಾನ್ಯವಾಗಿ ಆಮದು ಸುಂಕ 5%. ಒಪ್ಪಂದದಲ್ಲಿ ಯುಎಇ 97%ಕ್ಕಿಂತ ಜಾಸ್ತಿ ಬಗೆಯ ಸರಕುಗಳಿಗೆ ಭಾರತಕ್ಕೆ ರಿಯಾಯಿತಿ ಕೊಟ್ಟಿದೆ. ಕೆಲವಕ್ಕೆ ಮೊದಲ ದಿನದಿಂದಲೇ ಸೊನ್ನೆ, ಕೆಲವಕ್ಕೆ ವರ್ಷ ವರ್ಷ ಇಳಿಯುತ್ತದೆ. ತೆಂಗಿನೆಣ್ಣೆಯ ಎಚ್‌ಎಸ್ ಕೋಡ್ (ಸರಕು ವಿಂಗಡಣೆಯ ಸಂಖ್ಯೆ) 1513ರಲ್ಲಿ ಶುರುವಾಗುತ್ತದೆ. ಅದನ್ನು ಒಪ್ಪಂದದ ಪಟ್ಟಿಯಲ್ಲಿ ಹುಡುಕಿ ನೋಡಿ. 8 ಲಕ್ಷದ ಮಾಲಿಗೆ 5% ಅಂದರೆ 40,000. ನಿಮ್ಮ ಕನ್ಸಲ್ಟೆಂಟ್ ಕೇಳಿದ ದುಡ್ಡೇ ಇದು, ನೋಡಿ.

ಆದರೆ ಈ ರಿಯಾಯಿತಿ ತಾನಾಗಿ ಸಿಗುವುದಿಲ್ಲ. ಮಾಲು ಭಾರತದಲ್ಲೇ ತಯಾರಾದದ್ದು ಅಂತ ಸರ್ಟಿಫಿಕೇಟ್ ಆಫ್ ಒರಿಜಿನ್ ಬೇಕು. ಸೆಪಾ ಅಡಿಯಲ್ಲೇ ಕೊಟ್ಟದ್ದು ಆಗಬೇಕು, ಮಾಮೂಲಿ ಒರಿಜಿನ್ ಸರ್ಟಿಫಿಕೇಟ್ ನಡೆಯುವುದಿಲ್ಲ. ಡಿಜಿಎಫ್‌ಟಿಯ ಪೋರ್ಟಲ್‌ನಲ್ಲೇ ಅರ್ಜಿ. ಇದು ಕೈಗೆ ಬರದೆ ಎಷ್ಟೋ ಸಣ್ಣ ಲೋಡುಗಳು ಸುಂಕ ಕಟ್ಟಿ ಬಿಡುಗಡೆ ಆಗುತ್ತವೆ. ಸುಂಕ ಕಟ್ಟುವವರು ಇಲ್ಲಿಯ ಆಮದುದಾರರು ನಿಜ, ಆದರೆ ಮುಂದಿನ ಸಲ ಬೆಲೆ ಚೌಕಾಸಿ ಮಾಡುವಾಗ ಅದನ್ನು ನಿಮ್ಮ ಮೇಲೆಯೇ ಹಾಕುತ್ತಾರೆ. ಸರ್ಟಿಫಿಕೇಟ್ ನಾನು ಕೊಡುತ್ತೇನೆ, ಬೆಲೆಯಲ್ಲಿ ನನಗೂ ಪಾಲು ಕೊಡಿ ಅಂತ ನೀವೇ ಮೊದಲು ಮಾತು ತೆಗೆಯಿರಿ.

ಎರಡನೆಯದು ಲೇಬಲ್. ಅರಬ್ಬಿಯಲ್ಲಿ ಇರಲೇಬೇಕು. ಪದಾರ್ಥದ ಹೆಸರು, ಏನೇನು ಸೇರಿದೆ, ತೂಕ, ತಯಾರಾದ ದಿನ, ಅವಧಿ ಮುಗಿಯುವ ದಿನ, ಯಾವ ದೇಶದ್ದು, ಎಲ್ಲವೂ. ಅರಬ್ಬಿ ಸ್ಟಿಕ್ಕರ್ ಅಂಟಿಸಿದರೂ ಆಗುತ್ತದೆ, ಆದರೆ ಅದು ಮೂಲ ಲೇಬಲ್ಲಿನ ತಾರೀಕನ್ನು ಮುಚ್ಚಬಾರದು. ಲೇಬಲ್ ಪ್ರಿಂಟಿಗೆ ಕೊಡುವ ಮೊದಲು ಅದರ ನಕಲನ್ನು ನಿಮ್ಮ ಆಮದುದಾರರಿಗೆ ಕಳಿಸಿ, ಮುನಿಸಿಪಾಲಿಟಿಯಲ್ಲಿ ಒಪ್ಪಿಗೆ ತೆಗೆದುಕೊಳ್ಳಲಿ. ಬಾಟಲಿ ತುಂಬಿಸಿ ಆದ ಮೇಲೆ ಬೇಡ.

ನೀರ್ಚಾಲು ಎಣ್ಣೆಮಿಲ್ಲು

ಇಷ್ಟು ಬೇಗ ಇಷ್ಟು ವಿಷಯ! ತುಂಬಾ ಉಪಕಾರ ಆಯಿತು. ಒಂದು ಸಂಶಯ. ಇಸಿಜಿಸಿ ಪ್ರೀಮಿಯಂ, ಆರ್‌ಸಿಎಂಸಿ ಶುಲ್ಕ, ಲ್ಯಾಬ್ ಟೆಸ್ಟು ಅಂತ ಎಲ್ಲ ಸೇರಿಸಿದರೆ ಮೊದಲ ಲೋಡಿನ ಲಾಭ ಅದರಲ್ಲೇ ಹೋಗುತ್ತದೆ. ಇದಕ್ಕೆ ಏನಾದರೂ ದಾರಿ ಇದೆಯಾ?

ಕುಂಬಳೆ ಕ್ಲಿಯರಿಂಗ್

ಇದೆ. ಮೊದಲ ಸಲ ರಫ್ತು ಮಾಡುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಅಂತಲೇ ಕೇಂದ್ರದ ಎಂಎಸ್‌ಎಂಇ ಸಚಿವಾಲಯ 2022ರಲ್ಲಿ ಒಂದು ಯೋಜನೆ ತಂದಿತು. ನೀವು ಕೇಳಿದ ಮೂರೂ ಅದರಲ್ಲಿ ಉಂಟು. ಖರ್ಚಿನ 75% ವಾಪಸ್. ಆರ್‌ಸಿಎಂಸಿಗೆ 20,000, ವಿಮೆಯ ಪ್ರೀಮಿಯಂಗೆ 10,000, ಪರೀಕ್ಷೆ ಮತ್ತು ಗುಣಮಟ್ಟದ ಸರ್ಟಿಫಿಕೇಟಿಗೆ 1 ಲಕ್ಷ ಅಂತ ವರ್ಷಕ್ಕೆ ಮಿತಿ ಇಟ್ಟಿದ್ದಾರೆ. ಅರ್ಜಿ ಹಾಕುವ ಮೊದಲು ಸಚಿವಾಲಯದ ಪೋರ್ಟಲ್‌ನಲ್ಲಿ ಈಗಿನ ಷರತ್ತು ಓದಿಕೊಳ್ಳಿ. ಉದ್ಯಮ್ ನಂಬರು ಇಲ್ಲದೆ ಇದರ ಹತ್ತಿರವೂ ಸುಳಿಯುವ ಹಾಗಿಲ್ಲ.

ಇಲ್ಲಿ ಒಂದು ಮಾತು ಮನಸ್ಸಿಗೆ ಹಾಕಿಕೊಳ್ಳಬೇಕು. ರಫ್ತಿನ ಸಹಾಯ ಹೆಚ್ಚಿನದ್ದೂ ಹೀಗೆಯೇ. ಮೊದಲು ನೀವು ಖರ್ಚು ಮಾಡಬೇಕು, ಬಿಲ್ಲು ಇಟ್ಟುಕೊಳ್ಳಬೇಕು, ಆಮೇಲೆ ಕೇಳಬೇಕು. ಕೈಯಲ್ಲಿ ದುಡ್ಡು ಇಟ್ಟು ಹೋಗಿ ಬಾ ಅಂತ ಯಾರೂ ಹೇಳುವುದಿಲ್ಲ. ಹಾಗಾಗಿ ಎಲ್ಲ ಬಿಲ್ಲೂ ಘಟಕದ ಹೆಸರಿನಲ್ಲೇ ಇರಲಿ, ದುಡ್ಡು ಘಟಕದ ಖಾತೆಯಿಂದಲೇ ಹೋಗಲಿ. ಮನೆಯವರ ಫೋನಿನಿಂದ ಕಳಿಸಿ ಬಿಲ್ಲು ಇನ್ಯಾರದ್ದೋ ಹೆಸರಿಗೆ ಬಂದರೆ ಆ ಕ್ಲೇಮ್ ಹೋದಂತೆಯೇ.

ರೋಡ್‌ಟೆಪ್ ಬಗ್ಗೆ ಯಾರೂ ಹೇಳಲಿಲ್ಲ. ಡೀಸೆಲ್ ಮೇಲಿನ ತೆರಿಗೆ, ವಿದ್ಯುತ್ ಸುಂಕ ಹೀಗೆ ಜಿಎಸ್‌ಟಿಯಲ್ಲಿ ವಾಪಸ್ ಬಾರದ ತೆರಿಗೆಗಳ ಒಂದಂಶವನ್ನು ಸರ್ಕಾರ ಹಿಂದಕ್ಕೆ ಕೊಡುತ್ತದೆ. 2021ರ ಜನವರಿ 1ರಿಂದ ಇದೆ. ಎಚ್‌ಎಸ್ ಕೋಡ್ ನೋಡಿ ದರ. ನಗದು ಅಲ್ಲ, ಐಸ್‌ಗೇಟ್ ಖಾತೆಗೆ ಕ್ರೆಡಿಟ್ ಬರುತ್ತದೆ. ಅದನ್ನು ಸ್ಕ್ರಿಪ್ (ಆಮದು ಸುಂಕ ಕಟ್ಟಲು ಬಳಸುವ ಇ-ಪತ್ರ) ಮಾಡಿ ಆಮದು ಮಾಡುವವರಿಗೆ ಮಾರಬಹುದು. ಆದರೆ ಶಿಪ್ಪಿಂಗ್ ಬಿಲ್ (ಕಸ್ಟಮ್ಸಿಗೆ ಕೊಡುವ ರಫ್ತು ಘೋಷಣೆ) ಹಾಕುವಾಗಲೇ, ಪ್ರತಿ ಐಟಂ ಎದುರು, ನಮಗೆ ರೋಡ್‌ಟೆಪ್ ಬೇಕು ಅಂತ ಘೋಷಿಸಬೇಕು. ಅಲ್ಲಿ ಬೇಡ ಅಂತ ಬಿದ್ದರೆ ಹಡಗು ಹೋದ ಮೇಲೆ ತಿದ್ದಿಸುವುದು ದೊಡ್ಡ ರಗಳೆ. ನಿಮ್ಮ ಏಜೆಂಟು ಚೆಕ್‌ಲಿಸ್ಟ್ ಕಳಿಸುತ್ತಾರೆ, ಅದಕ್ಕೆ ಓಕೆ ಅನ್ನುವ ಮೊದಲು ಆ ಒಂದು ಸಾಲನ್ನು ನೀವೇ ಕಣ್ಣಾರೆ ನೋಡಿ. ಡ್ಯೂಟಿ ಡ್ರಾಬ್ಯಾಕ್ (ಮಾಲಿಗೆ ಬಳಸಿದ ವಸ್ತುಗಳ ಮೇಲಿನ ಸುಂಕ ವಾಪಸ್) ಕೂಡ ಅದೇ ಬಿಲ್ಲಿನಲ್ಲಿ, ಅದು ನೇರ ಬ್ಯಾಂಕಿಗೆ ಬರುತ್ತದೆ. ಎರಡೂ ಸಿಗಬೇಕಾದರೆ ದುಬೈಯಿಂದ ದುಡ್ಡು ಗಡುವಿನೊಳಗೆ ಬ್ಯಾಂಕಿಗೆ ಬರಲೇಬೇಕು. ಬಾರದಿದ್ದರೆ ಕೊಟ್ಟದ್ದನ್ನು ವಾಪಸ್ ಕೇಳುತ್ತಾರೆ.

ಮುಳ್ಳೇರಿಯ ಅಕ್ಕ

ನಮ್ಮದು ಹೆಂಗಸರ ಗುಂಪು. ಹಪ್ಪಳ, ಸಾಂತಾಣಿ, ಮಿಡಿ ಉಪ್ಪಿನಕಾಯಿ ಮಾಡುತ್ತೇವೆ. ಹಡಗಿನ ಮಾತು ನಮಗೆ ದೂರ. ಆದರೆ ಗಲ್ಫಿನಲ್ಲಿ, ಅಮೆರಿಕದಲ್ಲಿ ಇರುವ ನಮ್ಮೂರಿನ ಮಕ್ಕಳು ಕೇಳುತ್ತಲೇ ಇರುತ್ತಾರೆ. ನಮ್ಮಂಥವರಿಗೆ ಏನಾದರೂ ಉಂಟಾ?

ಕುಂಬಳೆ ಕ್ಲಿಯರಿಂಗ್

ಅಕ್ಕ, ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ ನಿಮಗಾಗಿಯೇ ಇರುವುದು. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಇದೆ. ಐಇಸಿ ಇಟ್ಟುಕೊಂಡು ಆನ್‌ಲೈನಿನಲ್ಲಿ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ (ಅಂಚೆಯ ರಫ್ತು ಘೋಷಣೆ) ಹಾಕಿದರೆ ನಿಮ್ಮ ಪಾರ್ಸೆಲ್ಲೂ ಲೆಕ್ಕದಲ್ಲಿ ರಫ್ತೇ. ಗಿಫ್ಟ್ ಅಂತ ಬರೆದು ಕಳಿಸಿದರೆ ಹತ್ತು ವರ್ಷ ಕಳಿಸಿದರೂ ನೀವು ರಫ್ತುದಾರರು ಅನ್ನುವುದಕ್ಕೆ ಒಂದು ಕಾಗದ ಇರುವುದಿಲ್ಲ. ಹಪ್ಪಳದ ಎಚ್‌ಎಸ್ ಕೋಡ್ 19059040. ಕಾಸರಗೋಡು ಹೆಡ್ ಪೋಸ್ಟಾಫೀಸಿನಲ್ಲಿ ಹತ್ತಿರದ ಕೇಂದ್ರ ಯಾವುದು ಅಂತ ಕೇಳಿ. ಮೆಷಿನ್ ತೆಗೆಯುವ ಯೋಚನೆ ಇದ್ದರೆ ಸಣ್ಣ ಆಹಾರ ಘಟಕಗಳಿಗೆ ಕೇಂದ್ರ ತಂದ ಪಿಎಂಎಫ್‌ಎಂಇ ಯೋಜನೆ ಈಗಲೂ ತೆರೆದಿದೆಯಾ ಅಂತ ವಿದ್ಯಾನಗರದಲ್ಲಿ ಕೇಳಿ, ಯೋಜನಾ ವೆಚ್ಚದ 35%, ಗರಿಷ್ಠ 10 ಲಕ್ಷದವರೆಗೆ ಸಾಲದ ಜೊತೆ ಬರುವ ಸಬ್ಸಿಡಿ.

ದುಬೈ ಉಪ್ಪಳ

ಅಕ್ಕ, ಇಲ್ಲಿ ಅಂಗಡಿಗಳಲ್ಲಿ ಹಲಸಿನ ಹಪ್ಪಳ ಸಿಕ್ಕರೂ ನಮ್ಮ ಕಡೆಯ ರುಚಿ ಸಿಗುವುದು ಅಪರೂಪ. ನಿಮ್ಮ ಪ್ಯಾಕೆಟ್ಟಿನ ಮೇಲೆ ತಯಾರಾದ ದಿನ ಸ್ಪಷ್ಟವಾಗಿ ಅಚ್ಚಾಗಿರಲಿ. ಪೆನ್ನಿನಲ್ಲಿ ಬರೆದದ್ದು ಇಲ್ಲಿ ನಡೆಯುವುದಿಲ್ಲ.

ಬಾಯಾರು ಓದುಗ

ಎಲ್ಲ ಓದಿದೆ. ಒಂದು ವಿಷಯ ಸೇರಿಸಬೇಕು ಅನಿಸಿತು. ನಮ್ಮ ಕಡೆಯ ಹೆಚ್ಚಿನ ಸಣ್ಣ ಉದ್ಯಮಿಗಳು ಕಚೇರಿಗೆ ಹೋಗದಿರಲು ಕಾರಣ ಹೆದರಿಕೆ. ಮಾಹಿತಿ ಶಿಬಿರ ಮಲಯಾಳದಲ್ಲಿ, ಫಾರಂ ಇಂಗ್ಲಿಷಿನಲ್ಲಿ. ಕೇಳಿದರೆ ಏನಾದರೂ ಅಂದುಕೊಳ್ಳುತ್ತಾರೋ ಅಂತ ಸುಮ್ನೆ ಇದ್ದುಬಿಡುತ್ತಾರೆ. ಕೊನೆಗೆ ಏಜೆಂಟರ ಕೈಗೆ ಬೀಳುತ್ತಾರೆ.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರು ರಾಜ್ಯ ಸರ್ಕಾರದ ಜೊತೆ, ನಮ್ಮ ಪ್ರದೇಶದ ಸ್ಥಳೀಯ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು ಅಂತ ಇದೆ. ಉತ್ತರವೂ ಕನ್ನಡದಲ್ಲಿ ಬರಬೇಕು. ಹಾಗಾಗಿ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ, ತಾಲೂಕು ಕೈಗಾರಿಕಾ ಕಚೇರಿಗೆ ಕನ್ನಡದಲ್ಲಿ ಬರೆದು ಕೇಳಿ: ನಮ್ಮ ಘಟಕಕ್ಕೆ ಯಾವ ಯೋಜನೆ ಅನ್ವಯ ಆಗುತ್ತದೆ, ಯಾವ ದಾಖಲೆ ಬೇಕು. ಬರೆದು ಕೇಳಿದರೆ ಬರೆದೇ ಉತ್ತರ ಬರಬೇಕಾಗುತ್ತದೆ.

ಜಿಲ್ಲೆಗೊಂದು ರಫ್ತು ಉತ್ತೇಜನ ಸಮಿತಿ ಇರಬೇಕು ಅಂತ ಕೇಂದ್ರದ ನೀತಿಯೇ ಹೇಳುತ್ತದೆ. ಜಿಲ್ಲಾಧಿಕಾರಿಗಳು ಅದರ ಮುಖ್ಯಸ್ಥರು. ಮಂಜೇಶ್ವರ, ಕಾಸರಗೋಡು ತಾಲೂಕಿನ ಘಟಕಗಳಿಗೆ ಒಂದು ಶಿಬಿರ ಕನ್ನಡದಲ್ಲಿ ಮಾಡಿ ಅಂತ ನಾವು ಹತ್ತಿಪ್ಪತ್ತು ಜನ ಸಹಿ ಹಾಕಿ ಕೊಡೋಣ. ಬದಿಯಡ್ಕದಲ್ಲೇ ಇಟ್ಟರೆ ಮುಳ್ಳೇರಿಯದವರಿಗೂ ಪೆರ್ಲದವರಿಗೂ ಹತ್ತಿರ.

ಪೆರ್ಲ ತೋಟ

ಇದಕ್ಕೆ ನನ್ನ ಸಹಿ ಮೊದಲು. ಬರುವ ಶಿಬಿರದಲ್ಲಿ ಬ್ಯಾಂಕಿನವರೂ ಇರಬೇಕು ಅಂತ ಅರ್ಜಿಯಲ್ಲೇ ಬರೆಯಿರಿ. ರಿಯಾಯಿತಿ ಯೋಜನೆ ನಿಲ್ಲುವ ಹಾಗಿದ್ದರೆ ಶಾಖೆಯ ನೋಟಿಸ್ ಬೋರ್ಡಿನಲ್ಲಿ ಮೊದಲೇ ಹಾಕಬೇಕು ಅಂತಲೂ ಕೇಳೋಣ.

ಮಂಜೇಶ್ವರ ಗೇರು

ಆಗಲಿ ಭಾವ. ಕರಡು ನಾನು ಬರೆದು ಇಲ್ಲಿಯೇ ಹಾಕುತ್ತೇನೆ, ಎಲ್ಲರೂ ತಿದ್ದಿ.

ನೀರ್ಚಾಲಿನವರೆ, ನೀವು ಅದಕ್ಕೆ ಕಾಯಬೇಡಿ. ದುಬೈಯ ಸಗಟು ವ್ಯಾಪಾರಿಯ ಹತ್ತಿರ ಪೂರ್ತಿ ಕಡ ಬೇಡ ಅಂತ ಒಮ್ಮೆ ಮಾತಾಡಿ ನೋಡಿ. ಮೊದಲ ಲೋಡಿಗೆ ಮೂರರಲ್ಲಿ ಒಂದು ಪಾಲು ಅಡ್ವಾನ್ಸ್ ಕೇಳುವುದು ವ್ಯಾಪಾರದಲ್ಲಿ ಮಾಮೂಲು. ಕೊಡದಿದ್ದರೆ ಇಸಿಜಿಸಿ ಲಿಮಿಟ್ ಬರುವ ತನಕ ಮಾಲು ಹೊರಡಿಸಬೇಡಿ.

ನೀರ್ಚಾಲು ಎಣ್ಣೆಮಿಲ್ಲು

ಇವತ್ತು ಅವರಿಗೆ ಫೋನು ಮಾಡಿದೆ. ಕಾಲು ಭಾಗ ಅಡ್ವಾನ್ಸ್ ಕೊಡುತ್ತಾರಂತೆ, ಉಳಿದದ್ದಕ್ಕೆ 60 ದಿನ. ಸೆಪಾ ಸರ್ಟಿಫಿಕೇಟ್ ಕೊಡುತ್ತೇನೆ ಅಂದದ್ದೇ ಮಾತು ಸಡಿಲ ಆಯಿತು. ಉಪ್ಪಳದ ಅಣ್ಣನಿಗೆ ದೊಡ್ಡ ಉಪಕಾರ. ಉದ್ಯಮ್ ನಮ್ಮಲ್ಲಿ ಮೊದಲೇ ಇತ್ತು, ಐಇಸಿಗೆ ಹಾಕಿದ್ದೇನೆ. ತೆಂಗು ಮಂಡಳಿಗೂ, ವಿದ್ಯಾನಗರಕ್ಕೂ ಪತ್ರ ಬರೆದಿದ್ದೇನೆ, ವಿದ್ಯಾನಗರದ್ದು ಕನ್ನಡದಲ್ಲಿ. ಕನ್ಸಲ್ಟೆಂಟ್‌ಗೆ ಬೇಡ ಅಂದೆ.

ಪೆಟ್ಟಿಗೆಗಳನ್ನು ಮರದ ಪ್ಯಾಲೆಟ್ ಮೇಲೆ ಇಡಬೇಕು ಅಂತ ಹೇಳಿದ್ದಾರೆ. ಇಲ್ಲಿಯ ಮರದ ಮಿಲ್ಲಿನಲ್ಲಿ ಮಾಡಿಸಿದರೆ ಆಗುತ್ತದಾ?

ಕುಂಬಳೆ ಕ್ಲಿಯರಿಂಗ್

ಆಗುವುದಿಲ್ಲ. ಹುಳ ಹಿಡಿಯದ ಹಾಗೆ ಬಿಸಿ ಕೊಟ್ಟು, ಐಎಸ್‌ಪಿಎಂ 15 (ಮರದ ಪ್ಯಾಕಿಂಗಿನ ಅಂತಾರಾಷ್ಟ್ರೀಯ ನಿಯಮ) ಮುದ್ರೆ ಹಾಕಿದ ಪ್ಯಾಲೆಟ್ಟೇ ಬೇಕು. ತೆನೆಯ ಹಾಗೆ ಒಂದು ಗುರುತು, ಪಕ್ಕದಲ್ಲಿ ದೇಶದ ಕೋಡ್ ಮತ್ತು ಎಚ್‌ಟಿ (ಬಿಸಿ ಕೊಟ್ಟದ್ದು) ಅಂತ ಸುಟ್ಟು ಅಚ್ಚೊತ್ತಿರುತ್ತಾರೆ. ಮುದ್ರೆ ಇಲ್ಲದ ಮರ ಆಚೆ ಬಂದರಿನಲ್ಲಿ ಸಿಕ್ಕಿಬಿದ್ದರೆ ಇಡೀ ಲೋಡು ನಿಲ್ಲುತ್ತದೆ. ಸರ್ಕಾರದ ಮಾನ್ಯತೆ ಇರುವವರ ಹತ್ತಿರವೇ ತೆಗೆದುಕೊಳ್ಳಿ, ಸರ್ಟಿಫಿಕೇಟನ್ನೂ ಕೇಳಿ ಪಡೆಯಿರಿ. ಪ್ಲಾಸ್ಟಿಕ್ ಪ್ಯಾಲೆಟ್ ಆದರೆ ಈ ಯಾವ ತಾಪತ್ರಯವೂ ಇಲ್ಲ, ಬೆಲೆ ಸ್ವಲ್ಪ ಜಾಸ್ತಿ. ಎಷ್ಟು ಪೆಟ್ಟಿಗೆ, ಒಂದೊಂದು ಎಷ್ಟು ಕಿಲೋ ಅಂತ ಹೇಳಿ. ಎಷ್ಟು ಪ್ಯಾಲೆಟ್ ಬೇಕಾಗುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.